ಬೇರೆ ಕಾರಿನ ಬಾಗಿಲು: 1966ರ ಮಸ್ಟಾಂಗ್ ಕನ್ವರ್ಟಿಬಲ್ ರಿಪೇರಿ ಪುರಾಣ

ಟ್ರೈಲರಿನಿಂದ ಇಳಿಸುವಾಗ ಬಲಬಾಗಿಲ ಕೆಳಗಿನಿಂದ ಎರಡು ಹಿಡಿಯಷ್ಟು ತುಕ್ಕು ಜರ್ರನೆ ಸುರಿದು, ಮನೆ ಮುಂದೆ ಕುಂಕುಮ ಚೆಲ್ಲಿದ ಹಾಗಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇದಕ್ಕೆ ನೀವು ದುಡ್ಡು ಕೊಟ್ರಾ, ಇಲ್ಲಾ ಅವರೇ ಕೊಟ್ಟು ಸಾಗಹಾಕಿದ್ರಾ?" ಅಂದಳು. 6,800 ಡಾಲರ್ ಕೊಟ್ಟಿದ್ದೆ. ಬಾಯಿ ಬಿಡಲಿಲ್ಲ.

ಫೋರ್ಡ್ ಕಂಪನಿಯ ಮಸ್ಟಾಂಗ್, ಅದರಲ್ಲೂ ಟಾಪು ಮಡಿಚುವ ಕನ್ವರ್ಟಿಬಲ್ ಇದು. ಕಾರು ಸಿಕ್ಕಿದ್ದು ಅಮೆರಿಕದ ಮಿಶಿಗನ್‌ನ ಆ್ಯನ್ ಆರ್ಬರ್‌ನಿಂದ ಪಶ್ಚಿಮಕ್ಕೆ ಅರ್ಧ ಗಂಟೆ ದೂರದ ಒಂದು ತೋಟದ ಮನೆಯ ಶೆಡ್ಡಿನಲ್ಲಿ. ಮಾರಿದವರು ಎಂಬತ್ತು ದಾಟಿದ ಅಜ್ಜಿ. ಅವರ ಯಜಮಾನರು 1983ರಲ್ಲಿ ಕೊಂಡು, ಎಂಟು ಬೇಸಿಗೆ ಓಡಿಸಿ, 1991ರ ಚಳಿಗಾಲಕ್ಕೆ ಒಳಗೆ ತಳ್ಳಿ "ಬರೋ ವರ್ಷ ಬ್ರೇಕ್ ಮಾಡಿಸ್ತೀನಿ" ಅಂದಿದ್ದರಂತೆ. ಮೂವತ್ತು ವರ್ಷ ಹಾಗೇ ನಿಂತಿತ್ತು. ಕಾರಿನ ಜೊತೆ ಅಜ್ಜಿ ನೀಲಿ ಬಣ್ಣದ ಬಿಸ್ಕತ್ತಿನ ಡಬ್ಬಿಯೊಂದನ್ನೂ ಕೊಟ್ಟರು. ನಮ್ಮ ಮನೆಗಳಲ್ಲಿ ಸೂಜಿ, ದಾರ, ಗುಂಡಿ ತುಂಬಿಟ್ಟಿರುತ್ತಾರಲ್ಲ, ಅದೇ ಡಬ್ಬಿ. ಇದರಲ್ಲಿ ಇದ್ದದ್ದು ಕಾಗದ. "ಫ್ಯಾಕ್ಟರಿಯಿಂದ ಬಂದಾಗಲೇ ಕೆಂಪು, ಯಾವಾಗಲೂ ಕೆಂಪು" ಅಂತ ಬೀಳ್ಕೊಡುವಾಗ ಎರಡು ಸಲ ಹೇಳಿದರು.

ಇಲ್ಲಿ ಒಂದು ಮಾತು. ಇದರಲ್ಲಿ ನಾನು ಹುಡ್ ಅಂದರೆ ನಮ್ಮ ಜೀಪಿನ ಹುಡ್, ಅಂದರೆ ಮೇಲಿನ ಮಡಿಚುವ ಬಟ್ಟೆ. ಅಮೆರಿಕದವರು ಬಾನೆಟ್ಟಿಗೆ ಹುಡ್ ಅನ್ನುತ್ತಾರೆ. ತಿಪಟೂರಿನ ಬಿ.ಎಚ್. ರೋಡಿನಲ್ಲಿ ಟಿಂಕರಿಂಗ್ ಶಾಪ್ ಇಟ್ಟಿದ್ದ ನಮ್ಮ ದೊಡ್ಡಪ್ಪನಿಗೂ ನನಗೂ ವೀಡಿಯೋ ಕಾಲಿನಲ್ಲಿ ಮೊದಲ ತಿಂಗಳೆಲ್ಲ ಈ ಒಂದು ಪದಕ್ಕೇ ಜಗಳ ಆಗಿದೆ. ದೊಡ್ಡಪ್ಪನ ಮಾತೇ ನಡೆಯಿತು.

ನಂಬರ್ ಓದಿದ್ದು

ಹಳೇ ಕಾರು ತಂದವನು ಸ್ಪ್ಯಾನರ್ ಮುಟ್ಟುವ ಮೊದಲು ನಂಬರ್ ಓದಬೇಕು. ಆ ಕಾಲದ ಮಸ್ಟಾಂಗಿನ ಡ್ರೈವರ್ ಬಾಗಿಲ ಅಂಚಿನಲ್ಲಿ ಸಣ್ಣದೊಂದು ಲೋಹದ ಪಟ್ಟಿ ಇರುತ್ತದೆ. ಬಾಡಿ ಯಾವುದು, ಬಣ್ಣ ಯಾವುದು, ಸೀಟಿನ ಬಟ್ಟೆ, ತಯಾರಾದ ದಿನ, ಗೇರ್‌ಬಾಕ್ಸ್, ಕೆಳಗಡೆ ಕಾರಿನ ನಂಬರ್. ಕಾರಿನ ಜಾತಕ ಅಂತಲೇ ಇಟ್ಟುಕೊಳ್ಳಿ. ಸೋಪುನೀರು ಹಾಕಿ ಒರೆಸಿದೆ. ಬಣ್ಣದ ಜಾಗದಲ್ಲಿ T. ಅಂದರೆ ಕ್ಯಾಂಡಿಆ್ಯಪಲ್ ರೆಡ್. ಅಜ್ಜಿ ಹೇಳಿದ್ದು ನಿಜ ಅಂದುಕೊಂಡೆ. ಆಮೇಲೆ ಬಾಡಿಯ ಜಾಗ ನೋಡಿದರೆ 65A. ಅದು ಗಟ್ಟಿ ತಗಡಿನ ಟಾಪಿನ ಹಾರ್ಡ್‌ಟಾಪ್ ಕಾರಿನ ಕೋಡ್. ಕನ್ವರ್ಟಿಬಲ್ ಆಗಿದ್ದರೆ 76 ಇರಬೇಕಿತ್ತು.

ಕೆಳಗಿನ ನಂಬರ್ ಶುರುವಾಗುವುದು 6T07T ಅಂತ. 6 ಅಂದರೆ 1966ರ ಮಾಡೆಲ್. ಮೊದಲ T ಅಂದರೆ ನ್ಯೂಜೆರ್ಸಿಯ ಮೆಟಚನ್ ಕಾರ್ಖಾನೆ. 07 ಅಂದರೆ ಹಾರ್ಡ್‌ಟಾಪ್. ಎರಡನೇ T ಅಂದರೆ 200 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್. ಬಣ್ಣದ T ಬೇರೆ. ಒಂದೇ ಅಕ್ಷರ, ಮೂರು ಕಡೆ ಮೂರು ಅರ್ಥ. ನನ್ನ ಮುಂದೆ ನಿಂತಿದ್ದದ್ದೋ ಎಂಟು ಸಿಲಿಂಡರಿನ, ಟಾಪೇ ಇಲ್ಲದ ಕಾರು.

ಎದೆ ಧಸಕ್ಕೆಂದಿತು. ಕದ್ದ ಮಾಲೇನೋ ಅನ್ನುವುದೇ ಮೊದಲ ಯೋಚನೆ. ಆದರೆ ಬಾಗಿಲ ಪಟ್ಟಿ ಬಾಗಿಲಿನ ಜೊತೆ ಹೋಗುತ್ತದೆ. ಬಾಗಿಲು ಬದಲಾದರೆ ಜಾತಕವೂ ಬದಲು. ಕಾರಿನ ಅಸಲಿ ನಂಬರನ್ನು ಒತ್ತಿರುವುದು ಎಡಗಡೆ ಮುಂಚಕ್ರದ ಮೇಲಿನ ಒಳತಗಡಿನ ಮೇಲೆ. ಬಾನೆಟ್ ಎತ್ತಿದರೆ ಮಡ್‌ಗಾರ್ಡಿನ ಅಂಚಿನಲ್ಲಿ ಚಿಕ್ಕದೊಂದು ಕಚ್ಚು ಕಾಣುತ್ತದೆ, ಅದರೊಳಗೆ. ಗ್ರೀಸು, ಧೂಳು, ಮೂರು ಪದರ ಪೇಂಟು. ಥಿನ್ನರ್ ಹಚ್ಚಿ ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜುತ್ತಾ ಹೋದ ಹಾಗೆ ಒಂದೊಂದೇ ಅಕ್ಷರ ಎದ್ದು ಬಂತು: 6F08C. F ಅಂದರೆ ಮಿಶಿಗನ್‌ನ ಡಿಯರ್‌ಬಾರ್ನ್ ಕಾರ್ಖಾನೆ, 08 ಅಂದರೆ ಕನ್ವರ್ಟಿಬಲ್, C ಅಂದರೆ 289 ಘನ ಅಂಗುಲದ ವಿ-8, ಎರಡು ಬ್ಯಾರೆಲ್ಲಿನ ಕಾರ್ಬ್ಯುರೇಟರ್. ಮುಂದಿನ ಆರು ಅಂಕಿ ಅಜ್ಜಿ ಸಹಿ ಹಾಕಿದ ಟೈಟಲ್, ಅಂದರೆ ಒಡೆತನದ ಕಾಗದಕ್ಕೆ ತಾಳೆಯಾದವು. ಆ ರಾತ್ರಿ ನಿದ್ದೆ ಬಂತು.

ವಿಂಡ್‌ಶೀಲ್ಡಿನ ಆಚೆಯಿಂದಲೇ ಓದುವ ಹಾಗೆ ಡ್ಯಾಶ್‌ಬೋರ್ಡ್ ಮೇಲೆ ನಂಬರ್ ಇಡುವ ಪದ್ಧತಿ 1968ರ ಮಾಡೆಲ್‌ಗಳಿಂದ ಬಂದದ್ದು. ಅದಕ್ಕೂ ಹಿಂದಿನ ಕಾರು ಕೊಳ್ಳುವವರಿಗೆ ನನ್ನದೊಂದೇ ಬುದ್ಧಿಮಾತು: ಬಾಗಿಲನ್ನು ನಂಬಬೇಡಿ, ಬಾನೆಟ್ ಎತ್ತಿ.

ಡಬ್ಬಿಯೊಳಗಿನ ಕಾಗದ

ಇನ್ನು ಈ ಕಾರು ಯಾರ್ಯಾರ ಕೈ ದಾಟಿ ಬಂತು ಅನ್ನುವುದು. 1967ರಿಂದ ಈಚಿನ ಫೋರ್ಡ್ ಆಗಿದ್ದರೆ ದುಡ್ಡು ಕಟ್ಟಿ ಮಾರ್ಟಿ ರಿಪೋರ್ಟ್ ತರಿಸಬಹುದಿತ್ತು. ಯಾವ ದಿನ ತಯಾರಾಯಿತು, ಯಾವ ಡೀಲರಿಗೆ ಹೋಯಿತು, ಯಾವ ಬಣ್ಣ, ಎಲ್ಲ ಫೋರ್ಡಿನ ದಾಖಲೆಯಿಂದಲೇ ತೆಗೆದು ಕೊಡುತ್ತಾರೆ. ನನ್ನದು 1966, ಒಂದು ವರ್ಷಕ್ಕೆ ತಪ್ಪಿತು. ಸರ್ಕಾರಿ ದಾಖಲೆಯಿಂದ ಹಳೇ ಮಾಲೀಕರ ಹೆಸರು ತೆಗೆಸೋಣ ಅಂದರೆ, ವಾಹನ ದಾಖಲೆಯ ಖಾಸಗಿ ವಿವರಗಳನ್ನು ಕಾಪಾಡುವ ಫೆಡರಲ್ ಕಾನೂನು 1994ರಿಂದಲೂ ಇದೆ. ಕುತೂಹಲಕ್ಕೆ ಕೇಳುವವನಿಗೆ ಕೊಡುವುದಿಲ್ಲ. ಸರಿಯಾದ ಕಾನೂನೇ. ನನಗೆ ಮಾತ್ರ ಅಡ್ಡ ಬಂತು.

ಕೆಲವು ಕಾರುಗಳಲ್ಲಿ ಕಾರ್ಖಾನೆಯ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕೆಂದು ಬರೆದ ಹಾಳೆ, ಸೀಟಿನ ಸ್ಪ್ರಿಂಗಿಗೆ ಸಿಕ್ಕಿಕೊಂಡು ಉಳಿದಿರುತ್ತದೆ. ನನ್ನ ಹಿಂದಿನ ಸೀಟು ಬಿಚ್ಚಿದಾಗಲೂ ಕಾಗದ ಸಿಕ್ಕಿತು. ಇಲಿಯ ಗೂಡಿನ ರೂಪದಲ್ಲಿ. ಪೂರ್ತಿ ಉಳಿದಿದ್ದದ್ದು ಹೆಬ್ಬೆರಳಗಲದ ಒಂದು ಮೂಲೆ, ಅದರ ಮೇಲೆ ಬರೀ ಗೆರೆ.

ಹಾಗಾಗಿ ಉಳಿದದ್ದು ಡಬ್ಬಿ ಒಂದೇ. ಅದನ್ನು ಊಟದ ಮೇಜಿನ ಮೇಲೆ ಸುರಿದು ಇಸವಿ ಪ್ರಕಾರ ಜೋಡಿಸಿದೆ. 1974ರ ಕೈಬರಹದ ಮಾರಾಟ ಪತ್ರ: ಒಬ್ಬ ಹೆಂಗಸಿನಿಂದ ಒಬ್ಬ ಯುವಕನಿಗೆ, 600 ಡಾಲರಿಗೆ. 1979ರ ಇನ್ಶೂರೆನ್ಸ್ ಚೀಟಿ. ಟೈರಿನ ಬಿಲ್ಲು, ಬ್ಯಾಟರಿಯ ಬಿಲ್ಲು. ಅವುಗಳ ಮಧ್ಯೆ ಎಣ್ಣೆ ಕಲೆಯಾದ ಒಂದು ಗುಲಾಬಿ ಚೀಟಿ, ಗುಜರಿ ಅಂಗಡಿಯದು, 1977: ಡೋರ್, ಎಡಗಡೆ, 66 ಮಸ್ಟಾಂಗ್, ಕೆಂಪು, 35 ಡಾಲರ್.

ಅಲ್ಲಿಗೆ ಬಾಗಿಲಿನ ಗುಟ್ಟು ಬಯಲಾಯಿತು.

1974ರಲ್ಲಿ ಕೊಂಡ ಆ ಯುವಕ ಈಗ ಎಪ್ಪತ್ತರ ಮುದುಕ. ಅಜ್ಜಿಯ ಯಜಮಾನರ ಹಳೇ ಸ್ನೇಹಿತನಂತೆ. ಅಜ್ಜಿಯೇ ಅವರನ್ನು ಕೇಳಿ, ಒಪ್ಪಿಸಿ, ಫೋನಿಗೆ ಸಿಗುವ ಹಾಗೆ ಮಾಡಿದರು. ಮನುಷ್ಯ ಮಾತಿನ ಮಲ್ಲ. ಚಳಿಗಾಲದಲ್ಲಿ ಜಾರಿ ಯಾರದೋ ಮನೆ ಮುಂದಿನ ಪೋಸ್ಟ್ ಡಬ್ಬಿಯ ಕಂಬಕ್ಕೆ ಎಡಬಾಗಿಲು ಕೊಟ್ಟಿದ್ದು, ಗುಜರಿಯಲ್ಲಿ ಕೆಂಪು ಬಾಗಿಲು ಸಿಕ್ಕಿದ್ದು, ಒಂದು ಬಾಗಿಲಿಗೆ ಪೇಂಟ್ ಹೊಡೆಸುವ ಬದಲು ಇಡೀ ಕಾರನ್ನೇ ಕೆಂಪು ಮಾಡಿದ್ದು, ಎಲ್ಲ ಹೇಳಿದರು. ಪೇಂಟ್ ಹೊಡೆದದ್ದು ಅಪ್ಪನ ಗ್ಯಾರೇಜಿನಲ್ಲಿ, ವ್ಯಾಕ್ಯೂಮ್ ಕ್ಲೀನರಿನ ಹಿಂಬದಿಯ ಗಾಳಿಗೆ ಸ್ಪ್ರೇ ಡಬ್ಬಿ ಸಿಕ್ಕಿಸಿ! "ಮೊದಲು ಯಾವ ಬಣ್ಣ ಇತ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ನೆನೆಸಬೇಡ, ಕಾಯಿಲೆ ಬಿದ್ದವರ ಮುಖದ ಬಣ್ಣ ಅಂದರು. ಮೊದಲ ಮಾಲೀಕಳು ಟೆಲಿಫೋನ್ ಆಪರೇಟರ್, ಹೊಸದಾಗಿ ಕೊಂಡು ಎಂಟು ವರ್ಷ ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತಿದ್ದರು ಅನ್ನುವುದಷ್ಟೇ ಅವರಿಗೆ ನೆನಪು.

ಬಣ್ಣದ ಉತ್ತರ ವಾರದೊಳಗೆ ಸಿಕ್ಕಿತು. ಹಿಂದಿನ ಸೀಟಿನ ಪಕ್ಕದ ಪ್ಯಾನೆಲ್ ಕಳಚಿದರೆ, ವ್ಯಾಕ್ಯೂಮ್ ಕ್ಲೀನರಿನ ಗಾಳಿ ತಲುಪದ ಮೂಲೆಯಲ್ಲಿ, ತಿಳಿ ಹೊಂಬಣ್ಣ. ಹೊನ್ನೂ ಅಲ್ಲ, ಹಸಿರೂ ಅಲ್ಲ, ಕೊಯ್ದು ನಾಲ್ಕು ದಿನ ಆದ ಭತ್ತದ ಹುಲ್ಲಿಗೆ ಬಿಸಿಲು ಬಿದ್ದ ಹಾಗೆ. ಫೋರ್ಡಿನ ಆ ವರ್ಷದ ಪಟ್ಟಿಯಲ್ಲಿ ಕೋಡ್ Z, ಸಾಟರ್ನ್ ಗೋಲ್ಡ್. ಕೆಂಪನ್ನು ಉಗುರಿನಲ್ಲಿ ಕೆರೆದರೆ ಕಾದ ಹೆಂಚಿನಿಂದ ದೋಸೆ ಏಳುವ ಹಾಗೆ ಹಾಳೆಹಾಳೆಯಾಗಿ ಎದ್ದು ಬರುತ್ತಿತ್ತು. ಪುಣ್ಯಾತ್ಮ ಕೆಳಗಿನ ಬಣ್ಣಕ್ಕೆ ಉಪ್ಪುಕಾಗದವನ್ನೇ ಉಜ್ಜಿರಲಿಲ್ಲ.

ಎಂಜಿನ್ ಇದರದ್ದೇನಾ? ಆ ವರ್ಷದ ಸಾಧಾರಣ 289ಗಳ ಮೇಲೆ ಕಾರಿನ ನಂಬರ್ ಒತ್ತುತ್ತಿರಲಿಲ್ಲ, ಒತ್ತುತ್ತಿದ್ದದ್ದು ಕೆ ಕೋಡಿನ ಹೆಚ್ಚು ಶಕ್ತಿಯ ಎಂಜಿನ್ನಿಗೆ ಮಾತ್ರ. ಆದರೆ ಎರಕದ ಮೇಲೆ ತಾರೀಖು ಉಂಟು. ಸೆಲ್ಫ್ ಮೋಟಾರ್ ಬಿಚ್ಚಿ ಟಾರ್ಚ್ ಬಿಟ್ಟರೆ ಬ್ಲಾಕಿನ ಮೇಲೆ 6C ಅಂತ ಶುರುವಾಗುವ ಕೋಡ್. 1966, ಮೂರನೇ ತಿಂಗಳು. ಇನ್‌ಟೇಕ್ ಮ್ಯಾನಿಫೋಲ್ಡ್ ಮತ್ತು ಎರಡೂ ಹೆಡ್ಡುಗಳ ಮೇಲೂ 6C. ನಾಲ್ಕು ಎರಕ, ಒಂದೇ ತಿಂಗಳು. ಕೋರ್ಟಿನಲ್ಲಿ ಸಾಕ್ಷಿ ಆಗಲಿಕ್ಕಿಲ್ಲ, ನನಗೆ ಸಾಕು. ಹತ್ತು ಲಕ್ಷದ ಮಸ್ಟಾಂಗ್ ಹೊರಬಂದದ್ದೂ ಅದೇ ಮಾರ್ಚ್ 2ರಂದು.

ಆ ವರ್ಷದ ಒಟ್ಟು 6,07,568 ಮಸ್ಟಾಂಗ್‌ಗಳಲ್ಲಿ ಕನ್ವರ್ಟಿಬಲ್ 72,119. ಅಪರೂಪದ ಕಾರೇನೂ ಅಲ್ಲ. ಬಿಡಿಭಾಗ ಸುಲಭವಾಗಿ ಸಿಗುವುದೂ ಅದಕ್ಕೇ. ತಳದ ತಗಡಿನಿಂದ ಹಿಡಿದು ಗ್ಲೋವ್‌ಬಾಕ್ಸಿನ ರಟ್ಟಿನವರೆಗೆ ಹೊಸದಾಗಿ ಮಾಡಿ ಮಾರುತ್ತಾರೆ. ನನ್ನಂಥವನು ಧೈರ್ಯ ಮಾಡಿದ್ದು ಆ ಭರವಸೆಯ ಮೇಲೆ.

ತುಕ್ಕು

ಡೆಟ್ರಾಯ್ಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಕೆಳಗೆ, ಉಪ್ಪಿನ ಗಣಿ ಇದೆ. ಕಾರು ಮಾಡುವ ಊರಿನ ಹೊಟ್ಟೆಯೊಳಗೇ ಕಾರು ತಿನ್ನುವ ಉಪ್ಪು! ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಆ ಉಪ್ಪಿನಲ್ಲಿ ಎಂಟು ವರ್ಷ ಕೆಲಸಕ್ಕೆ ಹೋಗಿಬಂದ ಕಾರು ಇದು.

ಮೊದಲ ಪರೀಕ್ಷೆಗೆ ಬೇಕಾದ್ದು ಒಂದು ಬಕೆಟ್ ನೀರು. ವಿಂಡ್‌ಶೀಲ್ಡಿನ ಕೆಳಗೆ, ಬಾನೆಟ್ಟಿನ ಹಿಂದೆ ಗಾಳಿ ಒಳಗೆ ಹೋಗುವ ಜಾಲರಿ ಇದೆಯಲ್ಲ, ಅಲ್ಲಿಗೆ ನಿಧಾನವಾಗಿ ಸುರಿಯಬೇಕು. ಅದರ ಕೆಳಗೆ ಎರಡು ತಗಡು ಸೇರಿಸಿ ಮಾಡಿದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಗಾಳಿತೂತಿನ ಸುತ್ತ ಟೋಪಿಯಂಥ ಕಟ್ಟೆ. ಕಟ್ಟೆ ಗಟ್ಟಿ ಇದ್ದರೆ ನೀರು ಎರಡೂ ಬದಿಗೆ ಹರಿದು ನೆಲಕ್ಕೆ ಬೀಳುತ್ತದೆ. ನನ್ನದರಲ್ಲಿ ಇಡೀ ಬಕೆಟ್ ನೀರು ಪಕ್ಕದ ಸೀಟಿನವರ ಕಾಲಿಗೆ ಬಂತು. ಮೇಪಲ್ ಎಲೆ ಒಳಗೆ ಬಿದ್ದು, ಕೊಳೆತು, ಗೊಬ್ಬರವಾಗಿ, ವರ್ಷಗಟ್ಟಲೆ ಒದ್ದೆ ಇಟ್ಟು ಆ ಕಟ್ಟೆಯನ್ನು ತಿಂದುಹಾಕಿತ್ತು. ಮಲೆನಾಡಿನ ಮನೆಯ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಗೋಡೆ ಏನಾಗುತ್ತದೋ ಅದೇ. ಇದನ್ನು ಸರಿ ಮಾಡಲು ಮೇಲಿನ ತಗಡನ್ನು ಒಂದೊಂದು ಸ್ಪಾಟ್ ವೆಲ್ಡನ್ನೂ ಹುಡುಕಿ ಕೊರೆದು ಎತ್ತಬೇಕು. ಅದೊಂದಕ್ಕೇ ಆರು ಶನಿವಾರ ಹೋಯಿತು. ಈ ಪರೀಕ್ಷೆ ಮಾಡದೆ ಕೆಳಗೆ ಹೊಸ ತಳ ಹಾಕುವವನು ಸೋರುವ ಮಾಡಿನ ಕೆಳಗೆ ಮಾರ್ಬಲ್ ಹಾಸಿದ ಹಾಗೆ.

ತಳ ಎರಡೂ ಕಡೆ ಹೋಗಿತ್ತು. ಹಿಂದಿನ ಯಾರೋ ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಇಟ್ಟು, ರಿವೆಟ್ ಹೊಡೆದು, ಟಾರು ಬಳಿದು, ಮೇಲೆ ಕಾರ್ಪೆಟ್ ಹಾಸಿದ್ದರು. ಕಬ್ಬಿಣಕ್ಕೆ ಅಲ್ಯೂಮಿನಿಯಂ ತಾಗಿ, ಮಧ್ಯೆ ಉಪ್ಪುನೀರು ನಿಂತರೆ ಬ್ಯಾಟರಿಯಲ್ಲಿ ನಡೆಯುವುದೇ ಅಲ್ಲೂ ನಡೆಯುತ್ತದೆ. ಹಾಳೆಯ ಅಂಚುಗಳೆಲ್ಲ ಬಿಳೀ ಪುಡಿಯಾಗಿದ್ದವು.

ನಾನು ಕೆಟ್ಟದ್ದು ಬಲಗಡೆಯ ಹೊಸ್ತಿಲಿನಲ್ಲಿ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತಗಡು, ಇಲ್ಲಿ ರಾಕರ್ ಅನ್ನುತ್ತಾರೆ. ಸಾಧಾರಣ ಕಾರಿಗೆ ಮೇಲೆ ಟಾಪು, ಕೆಳಗೆ ತಳ, ಎರಡೂ ಸೇರಿ ಬಿಗಿ ಕೊಡುತ್ತವೆ. ಕನ್ವರ್ಟಿಬಲ್ಲಿಗೆ ಟಾಪಿಲ್ಲ. ಆ ಭಾರವೆಲ್ಲ ಹೊಸ್ತಿಲ ಮೇಲೆ. ಅದಕ್ಕೇ ಫೋರ್ಡಿನವರು ಕನ್ವರ್ಟಿಬಲ್ಲಿಗೆ ಒಳಹೊಸ್ತಿಲನ್ನು ದಪ್ಪ ತಗಡಿನಲ್ಲಿ ಮಾಡಿ, ಸೀಟಿನ ಕೆಳಗೆ ಹೆಚ್ಚುವರಿ ಪಟ್ಟಿ ಹಾಕಿ, ಎರಡೂ ಬದಿಗೆ ಟಾರ್ಕ್ ಬಾಕ್ಸ್, ಅಂದರೆ ಕಾರು ತಿರುಚಿಕೊಳ್ಳದ ಹಾಗೆ ಬಿಗಿ ಹಿಡಿಯುವ ತಗಡಿನ ಪೆಟ್ಟಿಗೆ, ಕೊಟ್ಟಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲ ಜಾಗಕ್ಕೆ ಒಂದೇ ಒಂದು ಅಡ್ಡಪಟ್ಟಿ ವೆಲ್ಡ್ ಮಾಡಿ, ಕಾರನ್ನು ಮುಂದೆ ಎರಡು, ಹಿಂದೆ ಎರಡು ಸ್ಟ್ಯಾಂಡಿನ ಮೇಲೆ ಕೂರಿಸಿ, ಒಳಹೊಸ್ತಿಲನ್ನು ಗ್ರೈಂಡರಿನಲ್ಲಿ ಕತ್ತರಿಸಿದೆ. ಮಧ್ಯಕ್ಕೆ ಆಸರೆ ಇಟ್ಟಿರಲಿಲ್ಲ.

ಹೊಸದನ್ನು ಕೂರಿಸಿ, ಅಲ್ಲಲ್ಲಿ ಚುಕ್ಕೆ ವೆಲ್ಡ್ ಹೊಡೆದು, ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಬಾಗಿಲು ತಂದು ಕೂರಿಸಿ ನೂಕಿದರೆ ಮುಚ್ಚುತ್ತಿಲ್ಲ. ಮೇಲ್ಗಡೆ ಹಿಂಬದಿಯಲ್ಲಿ ಐದು ಮಿಲಿಮೀಟರ್ ಇದ್ದ ಸಂದು ಎರಡಕ್ಕೆ ಇಳಿದಿತ್ತು. ಕಾರು ನಡುವಿನಲ್ಲಿ ಬಗ್ಗಿ, ಮುಂದಿನ ಕಂಬ ಹಿಂದಿನ ಕಂಬ ಒಂದರ ಕಡೆ ಒಂದು ತಲೆ ವಾಲಿಸಿದ್ದವು. ದೊಡ್ಡಪ್ಪನಿಗೆ ಫೋನ್ ಹಿಡಿದು ತೋರಿಸಿದೆ.

"ಲೋ ಮಗಾ, ಹೊಸ್ತಿಲು ಕಿತ್ತು ಗೋಡೆ ನಿಲ್ಲಲಿ ಅಂದ್ರೆ ನಿಲ್ತದೇನೋ?" ಅಂದರು.

"ಈಗೇನ್ ಮಾಡ್ಲಿ ದೊಡ್ಡಪ್ಪ?"

"ವೆಲ್ಡಿಂಗ್ ಕಿತ್ತಾಕು. ನಡುಮಧ್ಯಕ್ಕೆ ಹಲಗೆ ಇಟ್ಟು ಬಾಟ್ಲಿ ಜಾಕ್ ಕೊಡು. ಕಾಲು ಸುತ್ತು ಎತ್ತು, ಬಾಗಿಲು ಮುಚ್ಚಿ ನೋಡು, ಮತ್ತೆ ಕಾಲು ಸುತ್ತು. ಅವಸರ ಮಾಡಿದ್ಯೋ, ಆ ಕಡೆಗೆ ಬಗ್ತದೆ. ಬಾಗಿಲು ಹಾಕ್ಕೊಂಡೇ ವೆಲ್ಡ್ ಹೊಡೀಬೇಕು, ಕಳಚಿಟ್ಟು ಅಲ್ಲ."

ಹಾಗೇ ಮಾಡಿದೆ. ಒಂದು ಅಂಗುಲದ ಚೌಕ ಪೈಪಿನಲ್ಲಿ ಎರಡೂ ಬಾಗಿಲಿಗೆ ಅಡ್ಡಡ್ಡ, ಎಡದಿಂದ ಬಲಕ್ಕೆ ಇನ್ನೆರಡು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳತೆ. ಜಾಕಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿ ಬಂದು ಬಾಗಿಲು ಮುಚ್ಚುವುದು, ಮತ್ತೆ ಹೋಗುವುದು. ಹದಿನಾಲ್ಕನೇ ಸಲಕ್ಕೆ ಬೀಗದ ನಾಲಿಗೆ ಕೆರೆಯದೆ, ಟಕ್ ಅಂತ ಒಳಗೆ ಕೂತಿತು. ಆಮೇಲೂ ಒಂದು ತೊಂದರೆ. ದಪ್ಪ ತಗಡಿಗೆ ತೆಳು ತಗಡಿನ ಕರೆಂಟೇ ಇಟ್ಟು ಹೊಡೆದಿದ್ದೆ. ಮೇಲಿಂದ ನೋಡಿದರೆ ವೆಲ್ಡು ಮುತ್ತಿನ ಹಾಗೆ. ಉಳಿ ಇಟ್ಟು ಒಂದೇಟು ಹಾಕಿದರೆ ಬಿಲ್ಲೆ ಎದ್ದ ಹಾಗೆ ಎದ್ದು ಬಂತು, ಕೆಳಗಿನ ತಗಡು ಕರಗಿಯೇ ಇರಲಿಲ್ಲ. ಮಿಗ್ ವೆಲ್ಡಿಂಗಿನಲ್ಲಿ ಚೆಂದಕ್ಕೆ ಮರುಳಾಗಬಾರದು. ಗುಜರಿ ತುಂಡಿನ ಮೇಲೆ ಹೊಡೆದು, ಉಳಿಯಿಂದ ಸೀಳಿ, ತೂತು ಹರಿದು ಬರುವ ತನಕ ಕರೆಂಟ್ ಏರಿಸಿಕೊಂಡು, ವೆಲ್ಡ್ ತುಂಬಲೆಂದು ಮೇಲಿನ ತಗಡಿನಲ್ಲಿ ಕೊರೆದಿದ್ದ ನಲವತ್ತೊಂದು ತೂತನ್ನು ಮತ್ತೆ ತುಂಬಿದೆ.

ಸಂದು ಈಗ ನಾಲ್ಕು ಮಿಲಿಮೀಟರ್. ಎಡಗಡೆ ಐದು. ನನ್ನ ಕಣ್ಣಿಗೆ ಮಾತ್ರ ಕಾಣುತ್ತದೆ, ದಿನಾ ಕಾಣುತ್ತದೆ.

ಎಂಜಿನ್, ಬ್ರೇಕು

ಎಂಜಿನ್ನಿನ ಕಥೆ ಅಷ್ಟು ದೊಡ್ಡದಲ್ಲ. 289 ಗಟ್ಟಿ ಜೀವ. ಹೊಸದಿದ್ದಾಗ 200 ಅಶ್ವಶಕ್ತಿ, ಮೇಲೆ ಆಟೋಲೈಟ್ 2100 ಕಾರ್ಬ್ಯುರೇಟರ್. ಸಿಲಿಂಡರಿನ ಮೇಲ್ಭಾಗ ಸವೆದಿತ್ತು, ಮೆಷಿನ್ ಶಾಪಿನಲ್ಲಿ ಮೂವತ್ತು ಥೌ (ಒಂದು ಥೌ ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲು) ಬೋರ್ ಮಾಡಿಸಿದೆ. ಕ್ರ್ಯಾಂಕ್ ಹತ್ತು ಥೌ. ಜೋಡಿಸಿದ್ದು ನಾನೇ. ಹೆಡ್ ಬೋಲ್ಟನ್ನು ಮೂರು ಸುತ್ತಿನಲ್ಲಿ ಬಿಗಿ ಮಾಡುತ್ತಾ 70 ಅಡಿ ಪೌಂಡಿಗೆ ತಂದೆ.

ಮೊದಲ ಸಲ ಸೆಲ್ಫ್ ಹೊಡೆದಾಗ ಕಾರ್ಬ್ಯುರೇಟರಿನ ಬಾಯಿಂದ ಢಂ ಅಂತ ಬೆಂಕಿ. ಮಗಳು ಓಡಿಹೋದಳು. ಟೈಮಿಂಗ್ ನೋಡಿದೆ, ಸರಿ. ಪಾಯಿಂಟ್ ನೋಡಿದೆ, ಸರಿ. ಅರ್ಧ ದಿನ ಕಳೆದ ಮೇಲೆ ಹೊಳೆಯಿತು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-5-4-2-6-3-7-8 ಬಾಯಿಪಾಠ ಇತ್ತು, ಆದರೆ ಸಿಲಿಂಡರ್ ಎಣಿಸಿದ್ದು ಷೆವರ್ಲೆ ಲೆಕ್ಕದಲ್ಲಿ. ಅವರದು ಒಂದು ಸಾಲಿನಲ್ಲಿ 1, 3, 5, 7, ಇನ್ನೊಂದರಲ್ಲಿ 2, 4, 6, 8. ಫೋರ್ಡಿನದು ಬಲಸಾಲು ಮುಂದಿನಿಂದ ಹಿಂದಕ್ಕೆ 1 ರಿಂದ 4, ಎಡಸಾಲು 5 ರಿಂದ 8. ತಂತಿ ಬದಲಿಸಿ ಹೊಡೆದರೆ ಎರಡನೇ ಸುತ್ತಿಗೇ ಹಿಡಿಯಿತು. ವ್ಯಾಕ್ಯೂಮ್ ಪೈಪ್ ಕಿತ್ತು, ಟೈಮಿಂಗ್ ಆರು ಡಿಗ್ರಿಗೆ ಕೂರಿಸಿದ ಮೇಲೆ ಸದ್ದು ಹೇಗಿತ್ತೆಂದರೆ, ಹೆಂಡತಿಯೇ ಅಡುಗೆಮನೆಯಿಂದ ಬಂದು ನಿಂತು ಕೇಳಿದಳು. ಏನೂ ಅನ್ನಲಿಲ್ಲ.

ಬ್ರೇಕಿನಲ್ಲಿ ಮಾತ್ರ ಹಳೆಯದನ್ನು ಉಳಿಸುವ ಹಟ ಬಿಟ್ಟೆ. 1966ರ ಮಸ್ಟಾಂಗಿಗೆ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಎಲ್ಲಿಯಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. 1967ರ ಮಾಡೆಲಿನಿಂದ ಫೋರ್ಡೇ ಎರಡು ಕೋಣೆಯದನ್ನು ಕೊಟ್ಟಿತು, ನಾನೂ ಅದನ್ನೇ ಹಾಕಿದೆ. ಹಳೇ ಬ್ರೇಕ್ ಡ್ರಮ್ಮಿನೊಳಗಿನ ಪುಡಿಯನ್ನು ಗಾಳಿ ಹೊಡೆದು ಊದಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ಬಣ್ಣ, ಹುಡ್

ಬಣ್ಣಕ್ಕೆ ಮನೆಯಲ್ಲಿ ಮತದಾನ ಆಯಿತು. ಕೆಂಪಿಗೆ ಮೂರು, ಹೊಂಬಣ್ಣಕ್ಕೆ ಒಂದು. ಕೆಂಪು ಮಸ್ಟಾಂಗ್ ಬೀದಿಗೊಂದು ಇದೆ, ಕೆಂಪು ಅನ್ನುವುದು ಆ 35 ಡಾಲರಿನ ಬಾಗಿಲಿನ ಬಣ್ಣವೇ ಹೊರತು ಕಾರಿನದಲ್ಲ ಅನ್ನುವುದು ನನ್ನ ವಾದ. ಮತ ಎಣಿಕೆಯಲ್ಲಿ ಸೋತರೂ ಪೇಂಟಿನ ದುಡ್ಡು ನನ್ನದಾದ್ದರಿಂದ ಗೆದ್ದೆ. ಪೇಂಟ್ ಶಾಪಿನವರು ಆರು ವಾರ ಅಂದು ಏಳು ತಿಂಗಳು ಇಟ್ಟುಕೊಂಡರು. ಹೆಸರು ಹೇಳುವುದಿಲ್ಲ, ಕೆಲಸ ಚೆನ್ನಾಗಿ ಮಾಡಿದ್ದಾರೆ. ಫೋಟೋ ನೋಡಿ ದೊಡ್ಡಪ್ಪ "ಏನೋ ಇದು, ಬಾಳೆಕಾಯಿ ಬಣ್ಣ" ಅಂದರು. ಬಿಸಿಲಿಗೆ ನಿಲ್ಲಿಸಿದ ವೀಡಿಯೋ ಕಳಿಸಿದ ಮೇಲೆ ಎರಡನೇ ಸಲ "ಪರವಾಗಿಲ್ಲ, ಬಾಳೆಹಣ್ಣು" ಅಂತ ತಿದ್ದಿಕೊಂಡರು.

ಹುಡ್ ಎತ್ತಲು ಹಿಂದಿನ ಸೀಟಿನ ಬೆನ್ನಿಗೆ ಒಂದು ಮೋಟಾರ್ ಪಂಪು, ಎರಡು ಪಕ್ಕ ಎರಡು ಹೈಡ್ರಾಲಿಕ್ ಸಿಲಿಂಡರು. 1979ರಿಂದ ಅದು ಎದ್ದಿಲ್ಲ ಅಂತ ಎರಡನೇ ಮಾಲೀಕರೇ ಹೇಳಿದ್ದರು. ಮೋಟಾರ್ ತಿರುಗುತ್ತಿತ್ತು, ಸಿಲಿಂಡರಿನ ಸೀಲು ಸತ್ತಿತ್ತು. ಬದಲಿಸಿದೆ. ಬಟ್ಟೆ ಹೊದೆಸುವ ದಿನ ಪಂಪ ಕನ್ನಡ ಕೂಟದ ಇಬ್ಬರು ಗೆಳೆಯರು ಬಿಸಿಬೇಳೆಭಾತಿನ ಆಸೆಗೆ ಬಂದರು. ಮೊದಲು ಹುಡ್ ಮಡಿಚಿ ಕೂರುವ ಗುಂಡಿಗೆ ಒಳಬಟ್ಟೆ, ಆಮೇಲೆ ಹಿಂದಿನ ಕಿಟಕಿಯ ಪರದೆ, ಆಮೇಲೆ ಕಮಾನುಗಳ ಮೇಲೆ ಪ್ಯಾಡು, ಕೊನೆಗೆ ಮೇಲಿನ ವಿನೈಲು. ವಿನೈಲನ್ನು ಅರ್ಧ ದಿನ ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿಕೊಂಡಿದ್ದೆವು. ನಡುಮಧ್ಯದ ಗುರುತನ್ನು ಕಮಾನಿನ ನಡುಮಧ್ಯಕ್ಕೆ ಹಿಡಿದು, ಒಬ್ಬ ಎಳೆಯುವುದು, ಒಬ್ಬ ಸ್ಟೇಪಲ್ ಹೊಡೆಯುವುದು. ಮೊದಲ ಸಲ ಹಿಂದಿನ ಮೂಲೆಯಲ್ಲಿ ಸೀರೆ ನೆರಿಗೆಯ ಹಾಗೆ ಐದು ಸುಕ್ಕು. ಕಿತ್ತು ಮತ್ತೆ ಹೊಡೆದೆವು, ಎರಡಕ್ಕೆ ಇಳಿಯಿತು. ಭಾತ್ ಆರುತ್ತಿದ್ದುದರಿಂದ ಎರಡನ್ನು ಹಾಗೇ ಬಿಟ್ಟೆವು.

ಮೊದಲ ದೂರದ ಓಟಕ್ಕೆ ಡಿಯರ್‌ಬಾರ್ನಿಗೆ ಹೋದೆ. ಅಲ್ಲಿನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಮಸ್ಟಾಂಗ್ ನಂಬರ್ ಒಂದು ಇದೆ: 5F08F100001, ಬಿಳೀ ಕನ್ವರ್ಟಿಬಲ್. ಮಸ್ಟಾಂಗ್ 1964ರ ಏಪ್ರಿಲ್ 17ಕ್ಕೆ ಬಿಡುಗಡೆ ಆಗುವ ಹೊತ್ತಿಗೆ ಪ್ರದರ್ಶನಕ್ಕೆಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಕಳಿಸಿದ್ದ ಆ ಕಾರನ್ನು ಸ್ಟ್ಯಾನ್ಲಿ ಟಕ್ಕರ್ ಎಂಬ ವಿಮಾನದ ಪೈಲಟ್ ಕೊಂಡುಕೊಂಡುಬಿಟ್ಟರು. ಮಾರುವ ಕಾರೇ ಅಲ್ಲ ಅದು. ಫೋರ್ಡಿನವರು ವಾಪಸ್ ಕೇಳಿದಾಗ ಅವರೇನು ತಟ್ಟಂತ ಕೊಡಲಿಲ್ಲ. ಕೊನೆಗೆ 1966ರಲ್ಲಿ ಹತ್ತು ಲಕ್ಷದ ಮಸ್ಟಾಂಗನ್ನು ಅವರಿಗೆ ಕೊಟ್ಟು ಒಂದನೆಯದನ್ನು ಬಿಡಿಸಿಕೊಂಡರು. ಒಂದನೇ ನಂಬರಿನ ಕಾರೇ ಹೀಗೆ ಯಾರದೋ ಕೈತಪ್ಪಿನಿಂದ ಆಚೆ ಹೋಗಿರುವಾಗ, ನನ್ನ ಕಾರು ಪೋಸ್ಟ್ ಡಬ್ಬಿಯಿಂದಾಗಿ ಕೆಂಪಾದದ್ದೇನು ಮಹಾ ಅನ್ನಿಸಿತು.

ಆ ಎಡಬಾಗಿಲನ್ನು ಬದಲಿಸಲಿಲ್ಲ. ಇಡೀ ಕಾರಿನಲ್ಲಿ ತುಕ್ಕಿಲ್ಲದ ಬಾಗಿಲು ಅದೊಂದೇ. ಪಟ್ಟಿಯನ್ನೂ ಕೀಳಲಿಲ್ಲ. ನನ್ನ ಕಾರಿನ ನಂಬರ್ ಹಾಕಿ ಹೊಸ ಪಟ್ಟಿ ಅಚ್ಚು ಮಾಡಿಕೊಡುವವರು ಇದ್ದಾರೆ, ಕೆಲವರು ಹಾಕಿಸಿಯೂ ಹಾಕಿಸುತ್ತಾರೆ. ಅದು ನನಗೆ ಒಗ್ಗಲಿಲ್ಲ. ಇಲ್ಲಿ ನಂಬರಿನ ಪಟ್ಟಿ ಕೀಳುವುದು ಕಾನೂನಿಗೂ ಹಗುರವಾದ ವಿಷಯವಲ್ಲ. ಮಾಸ್ಕಿಂಗ್ ಟೇಪ್ ಸುತ್ತಿ ಬಣ್ಣ ಹೊಡೆಸಿದೆ. ಬಾಗಿಲು ತೆರೆದರೆ ಹೊಂಬಣ್ಣದ ಮಧ್ಯೆ ಬೆರಳಗಲದ ಪಟ್ಟಿ, ತಾನು ಮೆಟಚನ್ನಿನ ಕೆಂಪು ಹಾರ್ಡ್‌ಟಾಪ್ ಅಂತ ಈಗಲೂ ಹೇಳುತ್ತದೆ. ಗುಜರಿಯ ಗುಲಾಬಿ ಚೀಟಿ ಡಬ್ಬಿಯಲ್ಲಿದೆ, ಡಬ್ಬಿ ಡಿಕ್ಕಿಯಲ್ಲಿದೆ.

ಬಾಕಿ ಕೆಲಸ ಇಷ್ಟು: ಪೆಟ್ರೋಲ್ ಗೇಜು ಅರ್ಧಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಎಡಗಡೆ ವೈಪರ್ ಬಲಗಡೆಯದಕ್ಕಿಂತ ಸೋಮಾರಿ. ಮತ್ತೆ, ಜಾಕ್ ಕೊಟ್ಟಿರುವಾಗ ಬಲಬಾಗಿಲು ತೆಗೆಯಬೇಡಿ ಅಂತ ಒಂದು ಚೀಟಿ ಬರೆದು ಸ್ಟೆಪ್ನಿಗೆ ಅಂಟಿಸಿದ್ದೇನೆ.